ಹದಿನಾಲ್ಕನೆಯ ಸಾಲು

“ಹದಿನಾಲ್ಕನೆಯ ಸಾಲನ್ನ ತೆಗೆದುಬಿಡಿ” ಎಂದು ಬಸವನಹುಳು ಅಕ್ಕ ಮೈಕಿನಲ್ಲಿ ಹೇಳಿದಾಗ ಅಧ್ಯಕ್ಷೆಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆ ಒಂದು ಸಾಲಿಗಾಗಿ ಎರಡು ವರ್ಷದಿಂದ ಎಲ್ಲರ ತಲೆ ತಿಂದವಳು ಇವಳೇ. ಈಗ ಇದ್ದಕ್ಕಿದ್ದಂತೆ ತಾನೇ ಬೇಡವೆನ್ನುತ್ತಿದ್ದಾಳೆ.

ಅಳಿದುಹೋಗುತ್ತಿರುವ ಜೀವಿಗಳನ್ನು ಉಳಿಸಲು ದೇಶಗಳೆಲ್ಲ ಸೇರಿ ವರ್ಷಕ್ಕೆ ಎಷ್ಟು ಹಣ ಹಾಕಬೇಕು ಎಂದು ಗುರಿ ಗೊತ್ತುಮಾಡಲು ಕೂತ ಸಭೆ ಅದು. ಒಪ್ಪಿಗೆಯಾಗದ ಮಾತನ್ನೆಲ್ಲ ಚೌಕ ಕಂಸದೊಳಗೆ ಕೂಡಿಹಾಕುವುದು ಅಲ್ಲಿನ ಪದ್ಧತಿ. ಒಪ್ಪಿಗೆಯಾದರೆ ಕಂಸ ಹೋಗುತ್ತದೆ, ಅಧ್ಯಕ್ಷೆ ಸುತ್ತಿಗೆ ಬಡಿಯುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹಣದ ಅಂಕಿ ಕಂಸದೊಳಗೆ ಬಿದ್ದು ಎರಡು ವರ್ಷವಾಗಿತ್ತು. ಅದರ ಕೆಳಗೆ, ಹಣ ಬಂದರೆ ಮೊದಲು ಉಳಿಸಬೇಕಾದ ಜೀವಿಗಳು, ಸಾಲಿಗೊಂದು. ಅವೂ ಕಂಸದೊಳಗೇ. ಹದಿನಾಲ್ಕನೆಯದು ಒಂದು ಪುಟ್ಟ ದ್ವೀಪದ ಹಳದಿ ಪಟ್ಟೆಯ ಬಸವನಹುಳು. ಆ ದ್ವೀಪದ ಪ್ರತಿನಿಧಿಗೆ ಯಾರೋ ಕಟ್ಟಿದ ಅಡ್ಡಹೆಸರು ಅವಳ ನಿಜವಾದ ಹೆಸರನ್ನೇ ನುಂಗಿಹಾಕಿತ್ತು. ಅವಳಿಗೇನೂ ಬೇಸರವಿರಲಿಲ್ಲ. “ನಿಮ್ಮ ಸಭೆಗಿಂತ ನನ್ನ ಹುಳಾನೇ ಚುರುಕು” ಎಂದು ತಿರುಗೇಟು ಕೊಟ್ಟು ನಗಿಸುತ್ತಿದ್ದಳು.

ಅಧ್ಯಕ್ಷೆ ಸಣ್ಣದೊಂದು ಬಿಡುವು ಕೊಟ್ಟು, ಕಾಫಿ ಯಂತ್ರದ ಬಳಿ ಅವಳನ್ನು ಹಿಡಿದಳು.

“ಏನಕ್ಕಾ ಇದು? ಇವತ್ತು ಅಂಕಿ ಒಂದು ದಡ ಮುಟ್ಟೋ ಹಾಗಿದೆ. ಈ ಹೊತ್ತಲ್ಲಿ ನೀವೇ ಕೈ ಬಿಟ್ರೆ ಹೇಗೆ?”

“ಅಂಕೀನ ಕೈ ಬಿಟ್ಟಿಲ್ಲ. ಆ ಸಾಲು ಮಾತ್ರ ಬೇಡ.” ಅಕ್ಕ ಕಾಗದದ ಲೋಟವನ್ನು ಯಂತ್ರದ ಕೆಳಗಿಟ್ಟಳು, ಗುಂಡಿ ಒತ್ತುವುದನ್ನು ಮರೆತಳು. “ಪ್ರಯೋಗಾಲಯದ ಗಾಜಿನ ಪೆಟ್ಟಿಗೇಲಿ ಒಂದೇ ಒಂದು ಉಳಿದಿತ್ತಲ್ಲ, ಅದೂ ಹೋಯ್ತು. ನಮ್ಮಣ್ಣನ ಮಗಳು ಬೆಳಿಗ್ಗೆ ಫೋನ್ ಮಾಡಿದ್ಲು. ಅದಕ್ಕೆ ದಿನಾ ಎಲೆ ಹಾಕ್ತಿದ್ದೋಳು ಅವಳೇ. ಮಾತೇ ಹೊರಡ್ತಿರಲಿಲ್ಲ, ಒಂದೇ ಸಮ ಅಳು.”

ಅಧ್ಯಕ್ಷೆ ಹುಳುವಿಗೆ ಮರುಗಿದಳು, ಆ ಹುಡುಗಿಗೂ ಮರುಗಿದಳು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯಾದರೂ ಅವಳು ಅದನ್ನು ನುಂಗಿಕೊಳ್ಳಲಿಲ್ಲ.

“ಇದನ್ನ ಎಲ್ಲರ ಮುಂದೆ ಹೇಳಿ ಅಕ್ಕಾ. ಆ ಹುಡುಗಿ ಅತ್ತಿದ್ದೂ ಹೇಳಿ. ಎಂಥಾ ಕಲ್ಲು ಮನಸ್ಸೂ ಕರಗುತ್ತೆ. ಅದೇ ಬಿಸೀಲಿ ಅಂಕಿ ಒಪ್ಪಿಸಿಬಿಡೋಣ.”

“ಕರಗೋದಾದ್ರೆ ಅದು ಬದುಕಿದ್ದಾಗ್ಲೇ ಕರಗ್ಬೇಕಿತ್ತು” ಎಂದಳು ಅಕ್ಕ. “ಹೆಣ ಮುಂದಿಟ್ಕೊಂಡು ದುಡ್ಡು ಕೇಳೋದು ನನ್ನಿಂದಾಗಲ್ಲ. ಇಲ್ಲದೇ ಇರೋದನ್ನ ಉಳಿಸ್ತೀವಿ ಅಂತ ಬರೆದುಕೊಂಡಿದ್ದೀವಿ. ಅಷ್ಟನ್ನ ಅಳಿಸಿಕೊಡಿ, ಸಾಕು.”

ಸಭೆ ಮತ್ತೆ ಕೂತಿತು. ಹಣ ಕೊಡುವ ದೇಶಗಳ ವಕ್ತಾರ, ಪ್ರತಿ ಮಾತಿಗೂ ಮೀನಮೇಷ ಎಣಿಸುವವನು, ಕಾರಣ ಕೇಳಿದ. “ಆ ಹುಳು ಈಗಿಲ್ಲ” ಎಂದಳು ಅಕ್ಕ. ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಲಿಲ್ಲ. ವಕ್ತಾರ ಕನ್ನಡಕ ತೆಗೆದು ಒರೆಸಿಕೊಂಡ. “ತುಂಬಾ ಬೇಜಾರಾಯ್ತು” ಎಂದ. ಅವನ ಬೇಜಾರು ನಾಟಕದ್ದಲ್ಲ. “ನಮ್ಮ ಕಡೆಯಿಂದ ಏನೂ ಅಡ್ಡಿ ಇಲ್ಲ.” ಅಕ್ಕನ ಪಕ್ಕದಲ್ಲಿ ಕೂತಿದ್ದ, ಬೆಟ್ಟದ ನಾಡಿನ ಮುದುಕ ಪ್ರತಿನಿಧಿ ಅವಳ ಭುಜ ತಟ್ಟಿ ಸಮಾಧಾನ ಮಾಡಿದ. ಅವನ ದೇಶದ್ದೂ ಒಂದು ಜೀವಿ ಅಲ್ಲಿತ್ತು, ಹದಿನೈದನೆಯ ಸಾಲಿನಲ್ಲಿ, ಬೆರಳಿನ ಉಗುರಿನಷ್ಟೇ ಇರುವ ಒಂದು ಕಪ್ಪೆ.

“ಯಾರದಾದರೂ ಆಕ್ಷೇಪಣೆ?” ಅಧ್ಯಕ್ಷೆ ಕೇಳಿದಳು. ಅಲ್ಪವಿರಾಮವೊಂದನ್ನು ಸರಿಸಬೇಕಾದರೂ ಹತ್ತು ಕೈ ಎತ್ತುತ್ತಿದ್ದ ಸಭೆ ಅದು. ಆ ಕಡೆಯಿಂದ ಈ ಕಡೆಯವರೆಗೆ ಕಣ್ಣು ಹಾಯಿಸಿದಳು. ಒಂದು ಕೈಯೂ ಮೇಲೇಳಲಿಲ್ಲ. ಯಾರಾದರೂ ಬೇಡವೆನ್ನಬಾರದೇ ಎಂದು ಅವಳಿಗೆ ಮೊದಲ ಸಲ ಅನಿಸಿತು. ಬೇರೆ ದಾರಿ ಕಾಣದೆ ಸುತ್ತಿಗೆ ಬಡಿದಳು.

ಸುತ್ತಿಗೆಯ ಸದ್ದು ಕೇಳಿದ್ದೇ ತಡ, ಸಭಾಂಗಣದ ಕೈಗಳೆಲ್ಲ ತಾವಾಗಿಯೇ ಕೂಡಿಕೊಂಡವು. ಎರಡು ವರ್ಷ ಒಂದು ಒಪ್ಪಿಗೆಗಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದ ಜನ, ಸಿಕ್ಕ ಮೊದಲನೆಯದಕ್ಕೆ ಜೋರಾಗಿಯೇ ತಟ್ಟಿದರು. ಅಧ್ಯಕ್ಷೆಯ ಕೈಯೂ ಅರ್ಧ ಎದ್ದಿತ್ತು. ಯಾವುದಕ್ಕೆ ತಟ್ಟುತ್ತಿದ್ದೇವೆಂದು ಒಬ್ಬೊಬ್ಬರಿಗೇ ಹೊಳೆಯಿತು. ವಕ್ತಾರ ಕೈಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡ. ಅಕ್ಕ ಮಾತ್ರ ಯಾರನ್ನೂ ನೋಡದೆ ಪರದೆಯನ್ನೇ ನೋಡುತ್ತಿದ್ದಳು. ಕೊನೆಗೆ ಕೇಳಿಸುತ್ತಿದ್ದದ್ದು ಬೆಟ್ಟದ ನಾಡಿನ ಮುದುಕನ ಚಪ್ಪಾಳೆಯೊಂದೇ. ಅವನಿಗೆ ಕಿವಿ ಸ್ವಲ್ಪ ಮಂದ, ಉಳಿದವರು ನಿಲ್ಲಿಸಿದ್ದು ತಿಳಿದಿರಲಿಲ್ಲ.

ಗೋಡೆಯ ದೊಡ್ಡ ಪರದೆಯ ಮೇಲೆ ಹಣದ ಅಂಕಿ ಕಂಸದೊಳಗೇ ಕೂತಿತ್ತು. ಅದರ ಕೆಳಗೆ ಬಸವನಹುಳು ಅಳಿಸಿಹೋಯಿತು. ಖಾಲಿಯಾದ ಜಾಗಕ್ಕೆ ಕೆಳಗಿನ ಸಾಲು ತಾನಾಗಿ ಮೇಲೆ ಸರಿಯಿತು. ಹದಿನಾಲ್ಕು: ಕಪ್ಪೆ.

ಮುದುಕನ ಎರಡು ಕೈಗಳೂ ಗಾಳಿಯಲ್ಲೇ ನಿಂತವು.