ದೂರಿಲ್ಲದ ಎಣ್ಣೆ

ಒಂದೇ ಬಾಣಲೆಯಿಂದ ಹನ್ನೊಂದು ದೇಶಗಳ ತಾಳೆ ತೋಟಗಳನ್ನು ಸುಧಾರಿಸಿದವನು ನಾನು. ಅಲ್ಲಿನ ಕಾಡಿನ ಹುಲಿಗಳು ನನ್ನ ಹೆಸರು ಕೇಳಿದರೆ ಇಂದಿಗೂ ಎದ್ದು ನಿಂತು ನಮಸ್ಕಾರ ಮಾಡುತ್ತವೆ.

ಕಾದ ತಾಳೆ ಎಣ್ಣೆ ತನ್ನ ತೋಟದ ಕೂಲಿಯವರ ಮಾತನ್ನು, ಕೇಳುವವರ ಭಾಷೆಯಲ್ಲೇ, ಆಡುತ್ತದೆಂಬುದು ಮಕ್ಕಳಿಗೂ ಗೊತ್ತು. ಅದಕ್ಕೇ ನಿವೃತ್ತ ಶಿಕ್ಷಕರ ನಿಧಿಯವರು ತಾವು ಹಣ ಹೂಡಿದ ಕಂಪನಿಯ ಎಣ್ಣೆಯನ್ನು ವರ್ಷಕ್ಕೊಮ್ಮೆ ಕಾಯಿಸಿ ಕೇಳಲು ನನ್ನನ್ನು ನೇಮಿಸಿದ್ದಾರೆ. ದೂರು ಕೇಳಿಸಿದರೆ ಅವರು ಕಂಪನಿಯ ಕಿವಿ ಹಿಂಡಬೇಕು. ನನ್ನ ಹನ್ನೆರಡು ವರದಿಗಳಲ್ಲಿ ಒಂದೂ ದೂರಿಲ್ಲ. ಅಷ್ಟು ಸುಧಾರಿಸಿದ್ದೇನೆ!

ನಿಧಿಯವರ ಈ ಸಲದ ಸಭೆ ದಾವಣಗೆರೆಯಲ್ಲಿ. ಎಣ್ಣೆ ಕಾದ ಕೂಡಲೇ ಎಂದಿನಂತೆ ಒಂದು ರಾಶಿ ಮೆಣಸಿನಕಾಯಿ ಬಜ್ಜಿ ಬಿಟ್ಟೆ. ಚೊರ್ರೆಂಬ ಸದ್ದು ಸಭೆಯನ್ನೆಲ್ಲ ತುಂಬಿತು. ಕಂಪನಿಯ ಮ್ಯಾನೇಜರ್ ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನಿಂದ ಕೊಟ್ರಮ್ಮ ಟೀಚರ್ ಎದ್ದು ಬಂದರು. "ಬಜ್ಜಿ ತೆಗೀರಿ ಚನ್ನವೀರಪ್ನೋರೆ. ಒಬ್ರು ಮಾತಾಡುವಾಗ ಇನ್ನೊಬ್ರು ಗದ್ದಲ ಮಾಡಬಾರದು."

"ಇನ್ನೂ ಹಸಿ ಐತ್ರಮ್ಮ, ಬೇಯ್ಲಿ."

"ಹಸಿ ಇದ್ರೂ ತೆಗೀರಿ."

ತೆಗೆದೆ. ಸದ್ದು ಅಡಗಿತು. ಎಣ್ಣೆಯೊಳಗಿಂದ ಒಬ್ಬ ಹೆಂಗಸು ಹೇಳಿದಳು: "ಕಳೆ ಔಷಧಿ ಹೊಡೆದು ಹೊಡೆದು ಅಂಗೈ ಸುಲಿದೈತಿ. ಕೈಗೆ ಗ್ಲೌಸ್ ಕೊಡ್ರಿ ಅಂತ ಹನ್ನೆರಡು ವರ್ಷದಿಂದ ಕೇಳಾಕತ್ತೀನಿ. ಅಲ್ಲಿ ಯಾರಾದ್ರೂ ಅದೀರೇನ್ರೀ?"

ಮ್ಯಾನೇಜರ್ ಫೋನು ನೋಡತೊಡಗಿದರು. ಕೊಟ್ರಮ್ಮ ನನ್ನನ್ನು ನೋಡಿದರು.

"ಈಕಿ ದನಿ ನಿಮಗೆ ಒಮ್ಮೆನೂ ಕೇಳಿಸ್ಲಿಲ್ವಾ?"

ಹುಲಿಗಳು ಯಾವುವೂ ನನ್ನ ನೆರವಿಗೆ ಬರಲಿಲ್ಲ.

"ಮೊದಲ್ನೇ ವರ್ಷ ಕೇಳಿಸ್ತ್ರಮ್ಮ," ಎಂದೆ. "ಆಮೇಲೇ ಬಜ್ಜಿ ಬಿಡೋದು ಕಲ್ತೆ."