ಹಸಿರು ಚುಕ್ಕೆ

ಹಾಡು ಮತ್ತೆ ನಡುವೆಯೇ ನಿಂತಿತು. ಕೊಟ್ರೇಶ ಕಂಪ್ಯೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಕಳ್ಳನನ್ನು ನೋಡುವ ಹಾಗೆ ನೋಡಿದ. ಈ ಒಂದೇ ಕಾಯಿಲೆಗೆ ಅವನು ಈ ಮನೆಗೆ ಬಂದದ್ದು ಇದು ಮೂರನೇ ಸಲ. ರಾಯಚೂರಿನಲ್ಲಿ ಕಂಪ್ಯೂಟರ್ ಕೆಟ್ಟರೆ ಜನ ಮೊದಲು ಅದನ್ನು ಆರಿಸಿ ಹಚ್ಚುತ್ತಾರೆ, ಆಮೇಲೆ ಬಿಸಿಲನ್ನು ಬೈಯುತ್ತಾರೆ, ಕೊನೆಗೆ ಕೊಟ್ರೇಶನಿಗೆ ಫೋನ್ ಮಾಡುತ್ತಾರೆ. ಅವನ ಕೈಯಲ್ಲಿ ಸರಿಹೋದದ್ದು ಮತ್ತೆ ಕೆಡುವುದು ಅಪರೂಪ. ಅದಕ್ಕೇ ಅವನಿಗೆ ಸಿಟ್ಟು ಬಂದಿತ್ತು.

"ಅದನ್ನ ತಗದು ಹೊರಗ ಒಗಿ," ಎಂದರು ಮನೆಯ ಯಜಮಾನ ಗಡಿಗೆಪ್ಪ, ಮಾಳಿಗೆಯ ಮೆಟ್ಟಿಲು ಹತ್ತುತ್ತಾ. ಅಕ್ಕಿ ಗಿರಣಿಯ ಸಾಹುಕಾರರು, ಮಾತೆಲ್ಲ ಹುಕುಂ. "ದಿನಾ ಇದರದ್ದ ಒಂದು ರಗಳೆ."

ಅವರ ಹೆಜ್ಜೆ ಸಪ್ಪಳ ಮೇಲೆ ಮುಟ್ಟುವವರೆಗೆ ಹೆಂಡತಿ ಚನ್ನಮಲ್ಲಮ್ಮ ಸುಮ್ಮನಿದ್ದರು.

"ಅವರು ಹಂಗ ಅಂತಾರ. ನೀ ಗಟ್ಟಿ ರಿಪೇರಿ ಮಾಡು ತಮ್ಮಾ. ಇದು ನಿಂತ್ರ ಈ ಮನ್ಯಾಗ ಒಂದು ಜೀವ ಉಳಿಯಂಗಿಲ್ಲ."

ಯಾರ ಜೀವ ಎಂದು ಕೊಟ್ರೇಶ ಕೇಳಲಿಲ್ಲ. ಹೋದ ವರ್ಷ ಎದೆಯ ಆಪರೇಷನ್ ಆದ ಹೆಂಗಸು. ಕೇಳುವುದೇನಿದೆ?

ಆ ಕಂಪ್ಯೂಟರ್ ಅವರ ಒಬ್ಬಳೇ ಮಗಳು ಸ್ವಪ್ನಾಳದು. ದೇವದುರ್ಗದ ಕಡೆ ಜಾಲಹಳ್ಳಿಯಲ್ಲಿ ಅಜ್ಜಿ ಹಾಡಿದ ಭಜನೆಗಳ ಕ್ಯಾಸೆಟ್‌ಗಳನ್ನೆಲ್ಲ ಅವಳು ಕಾಲೇಜಿನ ದಿನಗಳಲ್ಲಿ ಅದಕ್ಕೆ ಏರಿಸಿದ್ದಳು. ಯಾವ ಊರಲ್ಲಿದ್ದರೂ ಫೋನಿನಲ್ಲಿ ಕೇಳುವ ಹಾಗೆ ಮಾಡಿಟ್ಟಿದ್ದಳು. ಆಮೇಲೆ ಕುರ್ಡಿಯ ಕುರಿ ಸಾಕುವವರ ಮನೆಯ ಅಯ್ಯಪ್ಪನನ್ನು ಮೆಚ್ಚಿ ಮದುವೆಯಾಗಿ ಮಾನ್ವಿಯಲ್ಲಿ ಸಂಸಾರ ಹೂಡಿದಳು. ಈ ಮನೆಯಲ್ಲಿ ಅವಳ ಹೆಸರು ಯಾರೂ ಎತ್ತಕೂಡದು ಎಂದು ಗಡಿಗೆಪ್ಪ ಹೇಳಿದರು. ಹೋಗುವುದು ಬರುವುದು ನಿಂತಿತು, ಫೋನೂ ನಿಂತಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಸಾಹುಕಾರರಿಗೆ ಈ ಗಾದೆ ಯಾರು ಹೇಳಬೇಕು.

ಆದರೆ ಮನೆಯ ಬಾಗಿಲು ಹಾಕಿದವರು ಕಂಪ್ಯೂಟರಿನ ಬಾಗಿಲು ಹಾಕಿರಲಿಲ್ಲ. ಮಧ್ಯಾಹ್ನ ಸ್ವಪ್ನಾ ತನ್ನ ಫೋನಿನಲ್ಲಿ ಅಜ್ಜಿಯ ಹಾಡು ಹಚ್ಚಿದರೆ, ಇಲ್ಲಿ ಪರದೆಯ ಮೇಲೆ ಅವಳ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಹತ್ತುತ್ತಿತ್ತು. ತಾಯಿ ಮಗಳ ನಡುವೆ ಉಳಿದದ್ದು ಅಷ್ಟೇ. ಆ ಚುಕ್ಕೆ ಕಾಣದೆ ಚನ್ನಮಲ್ಲಮ್ಮ ಊಟಕ್ಕೆ ಕೂರುವುದಿಲ್ಲ ಎಂದು ಕೊಟ್ರೇಶನಿಗೂ ಗೊತ್ತಿತ್ತು. ಪಾಪ ಅನಿಸುತ್ತಿತ್ತು.

"ಮೊದಲ ಬೇಕಾದ್ದೆಲ್ಲ ಹಚ್ಚತಿದ್ಲು," ಎಂದರು ಅವರು. "ಹೋಳಿ ಹುಣ್ಣಿವಿ ಆದ ಮ್ಯಾಲ ಒಂದ ಹಾಡು. ಅದೂ ಅರ್ಧಕ್ಕ ನಿಂದರತದ."

"ನೋಡತೀನ್ರೀ ಅವ್ವಾರ. ಇವತ್ತ ಬಿಡಂಗಿಲ್ಲ."

ಅವರು ಚಹಾ ಮಾಡಲು ಒಳಗೆ ಹೋದರು. ಕೊಟ್ರೇಶ ಒಂದೊಂದೇ ತೆಗೆದು ನೋಡಿದ. ಹೋದ ಸಲ ಧೂಳು ಹೊಡೆದಿದ್ದ, ಅದರ ಹಿಂದಿನ ಸಲ ಹಾಡಿನ ಸಾಫ್ಟ್‌ವೇರನ್ನೇ ತೆಗೆದು ಹೊಸದಾಗಿ ಹಾಕಿದ್ದ. ಕೊನೆಗೆ ಕಳ್ಳ ಸಿಕ್ಕ. ಯಾವುದೋ ಅಪ್‌ಡೇಟ್ ತಾನಾಗಿಯೇ ಬಂದು, ಯಾರೂ ಕೀಲಿ ಮುಟ್ಟದಿದ್ದರೆ ಕಂಪ್ಯೂಟರ್ ಮಲಗುವಂತೆ ಮಾಡಿತ್ತು. ಹಾಡು ಕೇಳುವವರು ಕೇಳುತ್ತಿದ್ದರೂ ಅದು ನಿದ್ದೆ ಹೊಡೆಯುತ್ತಿತ್ತು. ಕೊಟ್ರೇಶ ಅದರ ನಿದ್ದೆ ಬಿಡಿಸಿದ.

ಮನೆಯೊಳಗಿನ ವೈಫೈ ಸರಿಯಿದೆಯೋ ಇಲ್ಲವೋ ನೋಡಬೇಕಿತ್ತು. ಬೀದಿಯ ಕಂಬದಿಂದ ಬರುವ ಇಂಟರ್ನೆಟ್ ವೈರನ್ನು ಕಿತ್ತು ಕೈಯಲ್ಲಿ ಹಿಡಿದ. ಇನ್ನು ಈ ಹಾಡು ಈ ಮನೆಯ ಗೋಡೆಯೊಳಗಿನ ಫೋನುಗಳಿಗೆ ಮಾತ್ರ ಕೇಳುತ್ತದೆ. ಹೊರಗಿನವರಿಗೆ, ಪಕ್ಕದ ಓಣಿಯವರಿಗೂ, ಕೇಳುವುದಿಲ್ಲ.

ಆಗ ಹಸಿರು ಚುಕ್ಕೆ ಹತ್ತಿತು. ಸ್ವಪ್ನಾ.

ಕೊಟ್ರೇಶ ಕೈಯಲ್ಲಿದ್ದ ವೈರು ನೋಡಿದ. ಪರದೆ ನೋಡಿದ. ಎದ್ದು ಸಪ್ಪಳ ಮಾಡದೆ ಮೆಟ್ಟಿಲು ಹತ್ತಿದ.

ಮಗಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಗಡಿಗೆಪ್ಪ ಮಂಚದ ಮೇಲೆ ಕೂತಿದ್ದರು. ಹೂವಿನ ಕವರಿನ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಸಣ್ಣಗೆ ಅಜ್ಜಿಯ ದನಿ ಕೇಳುತ್ತಿತ್ತು. ಧೋತರದ ಚುಂಗು ಕಣ್ಣೀರಿಗೆ ತೊಯ್ದಿತ್ತು.

ಅವರು ಅವನನ್ನು ನೋಡಿದರು. ಬೈಯಲಿಲ್ಲ.

"ಹೋಳಿ ಮುಂದ ಹೋದ್ಲು," ಎಂದರು. "ಡೆಂಗಿ. ವ್ಯಾಪಾರಕ್ಕ ಹೈದರಾಬಾದಿಗೆ ಹೊಂಟೀನಿ ಅಂತ ಇಕಿಗೆ ಸುಳ್ಳು ಹೇಳಿ ಮಾನ್ವಿಗೆ ಹೋಗಿ ಮಣ್ಣು ಕೊಟ್ಟು ಬಂದೆ. ಅಯ್ಯಪ್ಪ ಈ ಫೋನ್ ನನ್ನ ಕೈಯಾಗ ಇಟ್ಟ."

ಕೊಟ್ರೇಶ ಒಳಗೆ ಬಂದು ಬಾಗಿಲು ಮುಂದೆ ಮಾಡಿದ.

"ಇಕಿ ಎದಿ ಗಟ್ಟಿ ಇಲ್ಲಪ್ಪಾ. ಹ್ಯಾಂಗ ಹೇಳ್ಲಿ? ಅದಕ್ಕ ದಿನಾ ಇಷ್ಟು ಹಚ್ಚತೀನಿ. ಮಗಳು ಕೊನಿಗೆ ಕೇಳಿದ ಹಾಡು ಇದು. ಬ್ಯಾರೆ ಹಚ್ಚಾಕ ನನಗ ಬರಂಗಿಲ್ಲ." ಫೋನನ್ನು ಅಂಗೈಯಲ್ಲಿ ಸವರಿದರು. "ಕೆಳಗ ಬೈತೀನಿ ನೋಡು, ಅದು ಇಕಿಗೆ ಸಂಶೇ ಬರಬಾರದಂತ. ನೀ ಬಾಯಿ ಬಿಡಬ್ಯಾಡ."

"ಇಲ್ರೀ ಸಾವ್ಕಾರ್ರ," ಎಂದ ಕೊಟ್ರೇಶ. ಮೆಟ್ಟಿಲಿಳಿದು ಕೆಳಗೆ ಬಂದ. ಇಷ್ಟು ದಿನ ಈ ಮನುಷ್ಯನನ್ನು ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು.

ವೈರನ್ನು ಮತ್ತೆ ಸಿಗಿಸುವ ಹೊತ್ತಿಗೆ ಚನ್ನಮಲ್ಲಮ್ಮ ಚಹಾ ತಂದರು. ಚುಕ್ಕೆ ಇನ್ನೂ ಉರಿಯುತ್ತಿತ್ತು. ಹಾಡು ನಿಂತಿರಲಿಲ್ಲ.

"ಸರಿ ಆತ್ರೀ ಅವ್ವಾರ," ಎಂದ ಅವನು, ಅವರ ಮುಖ ನೋಡದೆ. "ಮಾನ್ವ್ಯಾಗೂ ನೆಟ್ ಛಲೋ ಅದ. ಅಕ್ಕಾರು ಇನ್ನ ಹಾಡು ಪೂರಾ ಕೇಳತಾರ."

ಚನ್ನಮಲ್ಲಮ್ಮ ಚಹಾದ ಕಪ್ಪನ್ನು ಅವನ ಕೈಗಿತ್ತರು. ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಮಾನ್ವಿ ಎಷ್ಟು ದೂರ ಅದ ತಮ್ಮಾ? ಆಕಿ ಹೋದ ಸುದ್ದಿ ಅವತ್ತ ನನಗ ಮುಟ್ಟೇದ. ನನಗ ಗೊತ್ತದ ಅಂತ ಅವರಿಗೆ ಹೇಳಬ್ಯಾಡ. ಮಗಳ ಹೆಸರು ಎತ್ತಬ್ಯಾಡ್ರಿ ಅಂದ ಮನುಷ್ಯಾಗ ಅಳಾಕ ಇದೊಂದ ನೆವ ಉಳದದ."