ಬಂದವರಿಗೆ ಕಾಫಿ

ಬೆಟ್ಟದ ಮೇಲಿನ ರೆಸಾರ್ಟಿನ ಕೊಳಚೆ ಇಳಿಯುವುದು ಕೆಳಗಿನ ಕೇರಿಯವರು ಕುಡಿಯುವ ಹಳ್ಳಕ್ಕೆ. ಇನ್ನಷ್ಟು ಕಾಟೇಜು ಕಟ್ಟಲು ಕೇರಿಯ ಒಪ್ಪಿಗೆ ಬೇಕಿತ್ತು. ಮಾಲೀಕರೇ ಖುದ್ದಾಗಿ ಅಲ್ಲಿನ ಹಿರಿಯಳಾದ ದ್ಯಾವಮ್ಮನ ಜಗಲಿಗೆ ಬಂದು ಕೂತರು.

"ಮಷೀನಲ್ಲಿ ಶುದ್ಧ ಮಾಡೇ ಹಳ್ಳಕ್ಕೆ ಬಿಡ್ತೀವಮ್ಮ. ನಿಮ್ಮ ಹಳ್ಳದ ನೀರು ತೀರ್ಥ ಇದ್ದಂಗಿದೆ. ಸುಮ್ನೆ ಅನುಮಾನ ಪಡ್ತೀರಿ."

ದ್ಯಾವಮ್ಮ ಕಾಫಿ ತಂದಿಟ್ಟಳು. ಮಾಲೀಕರ ಕೈ ಲೋಟದ ಹತ್ತಿರ ಹೋಗಲಿಲ್ಲ.

"ನಂಗೆ ಶುಗರ್ ಇದೆಯಮ್ಮ."

"ಬೆಲ್ಲ ಹಾಕದ್ದನ್ನೇ ತರ್ತೀನಿ."

"ಕಾಫೀನೇ ಬಿಟ್ಟಿದೀನಿ."

"ಒಂದು ಲೋಟ ನೀರಾದ್ರೂ?"

"ಬೇಡಮ್ಮ, ಈಗ ತಾನೇ ಕುಡ್ಕೊಂಡು ಬಂದೆ."

ದ್ಯಾವಮ್ಮ ಕಾಫಿ ಎತ್ತಿಕೊಂಡು, ಭೇದಿಯಿಂದ ಸೋತು ಒಳಗೆ ಮಲಗಿದ್ದ ಸೊಸೆಯನ್ನು ಕೂಗಿದಳು.

"ಏಳೇ, ನೀನೇ ಕುಡಿ. ಮನೆಗೆ ಬಂದೋರಿಗೆ ಆ ಹಳ್ಳದ ನೀರು ಕೊಡೋಕೆ ಮನಸ್ಸು ಬರ್ಲಿಲ್ಲ, ಬಾಟ್ಲಿ ನೀರು ತರ್ಸಿ ಮಾಡಿದ್ದೆ."